ಹಿಮ ಹುಡುಕಿ ಹೊರಟ ನಾಲ್ಕು ತಾಲ್ಲೂಕು

ಆರಿಸಿಕೊಳ್ಳುವುದು ಅನ್ನುವ ಕೆಲಸ ನನಗೆ ಹುಟ್ಟಿದಾಗಿನಿಂದ ಆಗಿಬಂದಿಲ್ಲ. ಹೋಟೆಲಿನಲ್ಲಿ ಮಾಣಿ ಬಂದು ಒಂದೇ ಉಸಿರಿಗೆ ಇಡ್ಲಿ, ದೋಸೆ, ಪೂರಿ, ಚಿತ್ರಾನ್ನ, ಖಾರಾಬಾತು ಎಂದು ಒದರಿದರೆ, ನಾನು ಅವನನ್ನು ನಿಲ್ಲಿಸಿ, 'ಮೊದಲು ಏನಂದೆಯಪ್ಪ?' ಎಂದು ಕೇಳಿ ಅದನ್ನೇ ತರಿಸಿಕೊಳ್ಳುತ್ತೇನೆ. ಹೆಣ್ಣು ನೋಡಲು ಹೋದಾಗಲೂ ಹೀಗೇ ಆಯಿತು. ಮೊದಲು ತೋರಿಸಿದ ಹೆಣ್ಣನ್ನೇ ಒಪ್ಪಿಕೊಂಡುಬಿಟ್ಟೆ. ನನ್ನ ಹೆಂಡತಿ ಸರೋಜ ಇದನ್ನು ಬಹಳ ವರ್ಷ ಪ್ರೇಮವೆಂದೇ ತಿಳಿದಿದ್ದಳು. ಬಟ್ಟೆ ಅಂಗಡಿಯಲ್ಲೂ ನಾನು ಮೊದಲು ಬಿಚ್ಚಿದ ಶರ್ಟನ್ನೇ ಕಟ್ಟಿಸಿಕೊಳ್ಳುವುದನ್ನು ಕಂಡ ದಿನ ಅವಳಿಗೆ ಏನೋ ಹೊಳೆದಂತಾಗಿ, ಊರಿಗೆ ಬರುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಇಂಥ ನನ್ನ ಕೈಗೆ ದೇವರು ಸ್ವಿಟ್ಜರ್ಲೆಂಡಿನ ಮೂರು ಊರುಗಳ ಹೆಸರು ಕೊಟ್ಟು, ಇದರಲ್ಲೊಂದನ್ನು ಆರಿಸು ಅಂದ. ದೇವರು ಅಂದರೆ ದೇವರಲ್ಲ, ಪಂಪ್‌ಸೆಟ್ ಕಂಪನಿಯವರು. ಮಧುಗಿರಿಯ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನನ್ನ ಅಂಗಡಿ ಇದೆ. ಬೋರ್‌ವೆಲ್ ಮೋಟಾರು, ಪೈಪು, ಕೇಬಲ್ಲು ಮಾರುತ್ತೇನೆ. ಆ ವರ್ಷ ಕಂಪನಿಯವರಿಗೆ ನಮ್ಮ ಸೀಮೆಯ ಮೇಲೆ ಏನು ಪ್ರೀತಿ ಬಂತೋ, ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಿಂದ ಒಬ್ಬೊಬ್ಬ ಡೀಲರನ್ನು ಆರಿಸಿ, 'ನೀವು ನಾಲ್ವರೂ ಒಂದು ತಂಡ, ನವೆಂಬರ್ ಕೊನೆಗೆ ಸ್ವಿಟ್ಜರ್ಲೆಂಡಿಗೆ ಹೊರಡಿ' ಎಂದು ಕಾಗದ ಕಳಿಸಿದರು. ಉಳಿದ ದಿನವೆಲ್ಲ ಎಲ್ಲ ಊರಿನ ಡೀಲರುಗಳ ಜೊತೆ ಬಸ್ಸಿನಲ್ಲಿ ಸುತ್ತಾಟ. ಶನಿವಾರ, ಭಾನುವಾರ ಮಾತ್ರ ಪ್ರತಿ ತಂಡವೂ ತನಗೆ ಬೇಕಾದ ಹಿಮದ ಊರಿಗೆ ಹೋಗಿ ಸ್ಕೀಯಿಂಗ್, ಅಂದರೆ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವ ಆಟ, ಆಡಬಹುದು. ಕಾಗದದ ಜೊತೆ ಒಂದು ಫಾರಂ. ಅದರಲ್ಲಿ ಸಾಸ್-ಫೀ, ಗ್ರಿಂಡೆಲ್‌ವಾಲ್ಡ್, ಗ್ಸ್ಟಾಡ್ ಎಂಬ ಮೂರು ಹೆಸರು. ನಾಲ್ವರೂ ಸೇರಿ ಒಂದಕ್ಕೆ ಗುರುತು ಹಾಕಿ, ಸೋಮವಾರದೊಳಗೆ ಕಳಿಸಬೇಕು.

ಇಲ್ಲಿ ನಾನು ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ಎತ್ತರ ಅಂದರೆ ಭಯ. ಭಯ ಅಂದರೆ ಅಷ್ಟಿಷ್ಟಲ್ಲ. ಅಟ್ಟದ ಮೇಲಿನ ಹುಣಸೆಹಣ್ಣಿನ ಗಡಿಗೆ ಇಳಿಸಬೇಕಾದರೂ ಸರೋಜಳೇ ಏಣಿ ಹತ್ತುತ್ತಾಳೆ, ನಾನು ಕೆಳಗೆ ಏಣಿ ಹಿಡಿದುಕೊಂಡು, 'ನೋಡ್ಕೊಂಡು, ನೋಡ್ಕೊಂಡು' ಎಂದು ಹೇಳುವ ಜವಾಬ್ದಾರಿ ವಹಿಸಿಕೊಳ್ಳುತ್ತೇನೆ. ಹುಟ್ಟಿ ಐವತ್ತಾರು ವರ್ಷವಾದರೂ ನಾನು ನಮ್ಮೂರ ಬೆಟ್ಟ ಹತ್ತಿಲ್ಲ. ಬೆಂಗಳೂರಿನಿಂದ, ಎಲ್ಲೆಲ್ಲಿಂದಲೋ ಬಂದವರು ಅದರ ತುದಿಗೆ ಹೋಗಿ ಫೋಟೋ ತೆಗೆಸಿಕೊಂಡು, ಇಳಿದು, ನನ್ನ ಅಂಗಡಿಯಲ್ಲಿ ನೀರು ಕೇಳಿ ಕುಡಿದು, 'ನಿಮ್ಮ ಊರು ಮೇಲಿಂದ ಎಷ್ಟು ಚೆನ್ನಾಗಿ ಕಾಣ್ತದೆ ಸಾರ್' ಅಂದರೆ, ನಾನು, 'ಹೌದೌದು, ಅದಕ್ಕೇ ಅಲ್ವಾ' ಎಂದು ನಗುತ್ತೇನೆ. ನನ್ನ ವ್ಯಾಪಾರವೂ ಸ್ವಭಾವಕ್ಕೆ ತಕ್ಕಂತೆಯೇ ಇದೆ. ನಾನು ಮಾರಿದ್ದೆಲ್ಲ ಭೂಮಿಯೊಳಕ್ಕೆ ಇಳಿಯುತ್ತದೆ. ಮೇಲಕ್ಕೆ ಬರುವುದು ನೀರು ಮಾತ್ರ, ಅದೂ ಅದರ ಇಷ್ಟ.

ಊರು ಆರಿಸುವ ಕೆಲಸ ನನ್ನ ತಲೆಗೆ ಬಿದ್ದದ್ದು ನಾನು ಬಿ.ಎ.ಯಲ್ಲಿ ಭೂಗೋಳ ಓದಿದ್ದೇನೆ ಎಂಬ ಕಾರಣಕ್ಕೆ. ಪಾಸಾಗಿದ್ದೇನೆಯೇ ಎಂದು ಯಾರೂ ಕೇಳಲಿಲ್ಲ. ಉಳಿದ ಮೂವರೂ ಫೋನಿನಲ್ಲಿ, 'ಗಂಗಣ್ಣ, ನೀವು ನೋಡಿ ಹೇಳಿ, ನಾವು ಗುರುತು ಹಾಕ್ತೀವಿ' ಅಂದುಬಿಟ್ಟರು. ಸರಿ, ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕನ್ನಡಕ ಏರಿಸಿ ಕೂತೆ. ಮಧ್ಯಾಹ್ನದ ಊಟ ತಂದಿದ್ದ ಸರೋಜ ಪಕ್ಕದಲ್ಲಿ ಒಂದು ಮೋಟಾರಿನ ಡಬ್ಬದ ಮೇಲೆ ಕೂತಳು.

ಓದಿದಷ್ಟೂ ಗೊಂದಲ ಹೆಚ್ಚಿತು. ಮೊದಲನೇ ಊರಲ್ಲಿ ಇಷ್ಟು ಕಿಲೋಮೀಟರು 'ಪಿಸ್ತೆ' ಇದೆ, ಎರಡನೆಯದರಲ್ಲಿ ಅದಕ್ಕಿಂತ ಹೆಚ್ಚು 'ಪಿಸ್ತೆ' ಇದೆ ಎಂದು ಬರೆದಿತ್ತು. ಜೋರಾಗಿ ಓದಿದೆ. ಸರೋಜ, "ಪಿಸ್ತಾನ ಕಿಲೋ ಲೆಕ್ಕದಲ್ಲಿ ಮಾರ್ತಾರೆ. ಕಿಲೋಮೀಟರ್ ಲೆಕ್ಕದಲ್ಲಿ ಹೆಂಗೆ ಮಾರ್ತಾರೆ?" ಅಂದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ಅರ್ಧ ಗಂಟೆಯ ಮೇಲೆ ತಿಳಿಯಿತು, ಅದು ಜಾರುವ ದಾರಿಯ ಹೆಸರು ಎಂದು. ಆ ದಾರಿಗಳಿಗೆ ನೀಲಿ ರನ್, ಕೆಂಪು ರನ್, ಕಪ್ಪು ರನ್ ಅಂತ ಬಣ್ಣ. ರನ್ ಅಂದ ಮೇಲೆ ಬ್ಯಾಟೂ ಇರಬೇಕೆಂದು ಹುಡುಕಿದೆ, ಸಿಗಲಿಲ್ಲ. ಇನ್ನೊಬ್ಬ ಪುಣ್ಯಾತ್ಮ, 'ಬೆಳಿಗ್ಗೆ ಪೌಡರ್ ಬಹಳ ಚೆನ್ನಾಗಿತ್ತು' ಎಂದು ಬರೆದುಕೊಂಡಿದ್ದ. "ಗಂಡಸಾ ಹೆಂಗಸಾ?" ಎಂದು ಸರೋಜ ಕೇಳಿದಳು. ಗಂಡಸು ಅಂದೆ. "ಸದ್ಯ, ನೀವು ಹೋಗಿ ಅದೊಂದು ಕಲೀಬೇಡಿ" ಅಂದಳು. ಹೊಸದಾಗಿ ಬಿದ್ದ ಪುಡಿ ಹಿಮಕ್ಕೆ ಪೌಡರ್ ಅನ್ನುತ್ತಾರೆಂದು ಆಮೇಲೆ ತಿಳಿಯಿತು. ಒಬ್ಬರು ಗ್ರಿಂಡೆಲ್‌ವಾಲ್ಡ್ ಸ್ವರ್ಗ ಅಂದಿದ್ದರು, ಅವರ ಕೆಳಗೇ ಇನ್ನೊಬ್ಬರು ಜಾತ್ರೆಯಂತೆ ಜನ ಅಂದಿದ್ದರು. ಸಾಸ್-ಫೀ ಹೊಸಬರಿಗೆ ಒಳ್ಳೆಯದು ಎಂದು ಒಂದು ಕಡೆ, ಹೊಸಬರು ಹುಷಾರು ಎಂದು ಇನ್ನೊಂದು ಕಡೆ. ಎಲ್ಲ ಊರಲ್ಲೂ 'ಲಿಫ್ಟ್' ಇದೆ ಎಂದು ಓದಿ ನನಗೆ ಸಮಾಧಾನವಾಗಿತ್ತು. ತುಮಕೂರಿನ ಆಸ್ಪತ್ರೆಯಲ್ಲೊಮ್ಮೆ ಲಿಫ್ಟಿನಲ್ಲಿ ಹೋಗಿದ್ದೆ, ಅದರೊಳಗೆ ಏನೂ ಕಾಣಿಸುವುದಿಲ್ಲ, ಒಳ್ಳೆಯ ಸಾಧನ. ಆಮೇಲೆ ಫೋಟೋ ನೋಡಿದೆ. ಒಂದು ಹಗ್ಗ. ಹಗ್ಗಕ್ಕೊಂದು ಬೆಂಚು. ಬೆಂಚಿನ ಮೇಲೆ ಒಬ್ಬ ಮನುಷ್ಯ ಕಾಲು ಇಳಿಬಿಟ್ಟು ಕೂತು ನಗುತ್ತಿದ್ದಾನೆ. ಕೆಳಗೆ, ಬಹಳ ಕೆಳಗೆ, ಕಡ್ಡಿಪೆಟ್ಟಿಗೆಯಷ್ಟು ಮನೆಗಳು. ನಾನು ಕಂಪ್ಯೂಟರ್ ಆರಿಸಿ ನೀರು ಕುಡಿದೆ.

ಮಾರನೇ ದಿನ ಧೈರ್ಯ ಮಾಡಿ ಮತ್ತೆ ಓದಿದಾಗ ವಿಷಯದ ತಿರುಳು ಸಿಕ್ಕಿತು. ನವೆಂಬರಿನಲ್ಲಿ ಅಲ್ಲಿ ಹಿಮದ ಕಾಲ ಇನ್ನೂ ಶುರುವಾಗಿರುವುದಿಲ್ಲ, ಆಗುವುದರಲ್ಲಿರುತ್ತದೆ. ಆ ಹೊತ್ತಿಗೆ ಹಿಮ ಬೇಕಾದರೆ ಎತ್ತರದ ಊರಿಗೇ ಹೋಗಬೇಕು. ಸಾಸ್-ಫೀ ಹಾಗೆ ಎತ್ತರದ್ದು, ಅದರ ನೆತ್ತಿಯಲ್ಲಿ ವರ್ಷವೆಲ್ಲ ಕರಗದ ಹಿಮನದಿ ಇದೆ, ಅಲ್ಲಿಗೆ ಹಗ್ಗದ ಮೇಲೆ ತೂಗಾಡುವ ಡಬ್ಬದಲ್ಲಿ ಕೂತು ಹೋಗಬೇಕು. ಗ್ಸ್ಟಾಡ್ ತಗ್ಗಿನಲ್ಲಿದೆ, ಅಲ್ಲಿ ಆ ವಾರಕ್ಕೆ ಹಿಮ ಬಿದ್ದರೆ ಅದೃಷ್ಟ, ಬೀಳದಿದ್ದರೆ ಹಸಿರು ಹುಲ್ಲು, ದನ, ಅಂಗಡಿ ಬೀದಿ. ಬೇರೆಯವರು ಇದನ್ನು ಓದಿ ಸಾಸ್-ಫೀ ಎಂದು ಗುರುತು ಹಾಕುತ್ತಿದ್ದರು. ನಾನು ಜೀವನದಲ್ಲಿ ಮೊದಲ ಸಲ ಸ್ವಂತ ಬುದ್ಧಿಯಿಂದ ಒಂದು ಆಯ್ಕೆ ಮಾಡಿದೆ. ಗ್ಸ್ಟಾಡ್!

ಗುರುವಾರ ಬೆಳಿಗ್ಗೆ ಮೂವರೂ ನನ್ನ ಅಂಗಡಿಗೆ ಬಂದರು. ಸಿರಾದ ಜಬ್ಬಾರ್ ಸಾಬರು ಮೊದಲು. ಅವರ ತಾತ ಬಾವಿಯಿಂದ ನೀರೆತ್ತುವ ಕಪಿಲೆಗೆ ಚರ್ಮದ ಚೀಲ ಹೊಲಿಯುತ್ತಿದ್ದವರಂತೆ, ಮೊಮ್ಮಗ ಈಗ ಪಂಪು ಮಾರುತ್ತಾರೆ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬ, ಮಾತು ಜೇನು. ಪಾವಗಡದ ಕಡೆಯ ನರಸಿಂಹುಲು ಮೋಟಾರ್ ಬೈಕಿನಲ್ಲಿ ಬಂದ. ನಲವತ್ತು ದಾಟಿದವನು, ಬಿಸಿಲಿಗೆ ಕಪ್ಪಿಟ್ಟ ಮುಖ, ಒಂದು ಮಾತು ಕನ್ನಡ, ಒಂದು ಮಾತು ತೆಲುಗು. ಕೊನೆಗೆ ಕೊರಟಗೆರೆಯ ಗಿರಿಜಮ್ಮ. ಗಂಡ ತೀರಿಕೊಂಡ ಮೇಲೆ ಪೈಪಿನ ಅಂಗಡಿಯನ್ನು ಒಬ್ಬಳೇ ಹೆಗಲಿಗೆ ಹಾಕಿಕೊಂಡ ಹೆಂಗಸು. ಫಿಟ್ಟರುಗಳು ಆಕೆಯ ಮುಂದೆ ಬೀಡಿ ಹಚ್ಚುವುದಿಲ್ಲ. ಮೂವರೂ ಡಬ್ಬಗಳ ಮೇಲೆ ಕೂತರು. ಸರೋಜ ಟೀ ಕೊಟ್ಟಳು.

ನಾನು ಫಾರಂ ಬಿಡಿಸಿ ಮೊದಲನೇ ಹೆಸರು ಓದಿದ್ದೇ ತಡ, ಜಬ್ಬಾರ್ ಸಾಬರು ಟೀ ಲೋಟ ಕೆಳಗಿಟ್ಟರು. "ಕ್ಯಾ? ಸಾಸ್? ಅರೆ ಗಂಗಣ್ಣ ಭಾಯ್, ನಮ್ಮಲ್ಲಿ ಸಾಸ್ ಅಂದ್ರೆ ಅತ್ತೆ. ಅತ್ತೆ, ಮೇಲೆ ಫೀಸು! ಸಿರಾದಲ್ಲಿ ಪುಕ್ಕಟೆ ಸಿಗ್ತದೆ, ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು?"

ನನಗೆ ಒಳಗೊಳಗೇ ಖುಷಿಯಾಯಿತು. "ನೋಡಿ, ಹೆಸರೇ ಸರಿ ಇಲ್ಲ" ಅಂದೆ.

"ಎರಡನೇದು?" ಎಂದು ಗಿರಿಜಮ್ಮ ಕೇಳಿದರು. ಗ್ರಿಂಡೆಲ್‌ವಾಲ್ಡ್ ಅಂದೆ. "ಗ್ರೈಂಡರ್ರಾ? ಮನೇಲಿ ಅದರ ಮುಂದೆ ನಿಂತು ನಿಂತೇ ಸಾಕಾಗಿದೆ. ಬುಡಿ, ಮುಂದಕ್ಕೆ ಓದಿ."

"ಮೂರನೇದು ಗ್ಸ್ಟಾಡ್. ಅದೇ ಒಳ್ಳೇದು."

"ಗಸ್ತಾ?" ಅಂದ ನರಸಿಂಹುಲು. "ಪೋಲೀಸ್ರು ಗಸ್ತು ಹೊಡೆಯೋ ಊರಾ ಅಣ್ಣಾ ಅದು? ಯಾವ್ದಾದ್ರೂ ಸರೇ, ನಂಗೆ ಬೇಕಾಗಿರೋದು ಚಳಿ. ನಮ್ಮ ರಾಯಚರ್ಲು ಕಡೆ ಒಮ್ಮೆ ಬಂದು ನೋಡು. ಬಿಸಿಲನ್ನ ಬೆಳೆ ಬೆಳೆದಂಗೆ ಬೆಳೀತಾವ್ರೆ, ಕಣ್ಣು ಹಾಯ್ದಷ್ಟು ದೂರ ಸೋಲಾರ್ ಗಾಜಿನ ಹಲಗೆ. ಏಮೀ ಎಂಡ ಅಣ್ಣಾ ಅದು, ಏನ್ ಬಿಸ್ಲು! ಎರಡು ದಿನ ಗಡಗಡ ನಡುಗ್ಬೇಕು ನಾನು. ಹಲ್ಲು ಕಟಕಟ ಅನ್ಬೇಕು."

"ನಡುಗ್ತೀಯ, ನಡುಗ್ತೀಯ" ಅಂದೆ ನಾನು. ಯಾರು ನಡುಗುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಗಿರಿಜಮ್ಮ ಟೀ ಮುಗಿಸಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಅಲ್ಲಿ ಹಿಮ ಇರ್ತದಾ ಗಂಗಣ್ಣ?"

ಈ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಮಾತು ನನಗೇ ಆಶ್ಚರ್ಯ ಹುಟ್ಟಿಸಿತು. ಸುಳ್ಳು ಹೇಳುವುದಕ್ಕೂ ಒಂದು ಪ್ರತಿಭೆ ಬೇಕು, ಅದು ನನ್ನಲ್ಲಿ ಇಷ್ಟು ದಿನ ಅಡಗಿ ಕೂತಿತ್ತು. "ಇರ್ತದೆ ಕಣಮ್ಮ, ಇರದೆ ಎಲ್ಲಿ ಹೋಗ್ತದೆ? ಅದು ಸ್ವಿಟ್ಜರ್ಲೆಂಡ್. ಆದ್ರೆ ಒಂದು ವಿಷ್ಯ. ಈ ಸಾಸ್-ಫೀನಲ್ಲಿ ಇರೋದು ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಕರಗದೆ ಉಳ್ಕೊಂಡಿರೋ ಹಿಮ. ಒಂದು ಲೆಕ್ಕದಲ್ಲಿ ತಂಗಳು. ಗ್ಸ್ಟಾಡ್‌ನಲ್ಲಾದ್ರೆ ಹೊಸದಾಗಿ ಬೀಳ್ತದೆ."

"ತಂಗಳಾ?" ಎಂದು ಗಿರಿಜಮ್ಮ ಮುಖ ಕಿವಿಚಿದರು. ನಮ್ಮ ಸೀಮೆಯಲ್ಲಿ ತಂಗಳು ಮುದ್ದೆಗೆ ಮರ್ಯಾದೆ ಇದೆಯೇ ಹೊರತು ಬೇರೆ ತಂಗಳಿಗೆ ಇಲ್ಲ. ಬಾಗಿಲಲ್ಲಿ ನಿಂತಿದ್ದ ಸರೋಜ ನನ್ನನ್ನೇ ನೋಡುತ್ತಿದ್ದಳು. ನಾನು ಕ್ಯಾಲೆಂಡರ್ ನೋಡಿದೆ.

ಇನ್ನೇನು ಗುರುತು ಬೀಳಬೇಕು, ಅಷ್ಟರಲ್ಲಿ ನರಸಿಂಹುಲು ಎದ್ದು ನಿಂತು ಬೀದಿಗೆ ಬಂದು ತಲೆಯೆತ್ತಿ, "ಅಣ್ಣಾ, ಸೋಮವಾರದ ತನಕ ಟೈಮ್ ಉಂದಿ ಕದಾ? ಅಷ್ಟು ದೂರ ಹೋಗಿ ನಾವು ಏದುಸಿರು ಬಿಟ್ರೆ ಮಾನ ಹೋಗ್ತದೆ. ಬೆಟ್ಟ ಇಲ್ಲೇ ಇದೆ. ಭಾನುವಾರ ಎಲ್ಲರೂ ಸೇರಿ ಒಂದ್ಸಲ ಹತ್ತಿ ಪ್ರಾಕ್ಟೀಸ್ ಮಾಡಣ. ದಾರಿ ತೋರ್ಸೋಕೆ ನೀನಿದ್ದೀಯಲ್ಲ, ನಿಮ್ಮೂರ ಬೆಟ್ಟ!" ಅಂದ. ಗಿರಿಜಮ್ಮ, "ಅದೂ ಸರಿನೇಯ. ಹತ್ತಿ ಬಂದು ಗುರುತು ಹಾಕಣ" ಎಂದು ಫಾರಮನ್ನು ಮಡಿಸಿ ತಮ್ಮ ಚೀಲಕ್ಕೆ ಹಾಕಿಕೊಂಡುಬಿಟ್ಟರು. ಬೇಡವೆನ್ನಲು ಒಂದು ಕಾರಣ ಹುಡುಕಿದೆ. ಆಗಲೇ ಒಂದು ದೊಡ್ಡ ಸುಳ್ಳು ಹೇಳಿ ಖಾಲಿಯಾಗಿದ್ದ ತಲೆಗೆ ಇನ್ನೊಂದು ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಸರೋಜ ಮಜ್ಜಿಗೆಯ ಬಾಟಲಿ ತುಂಬಿ ಕೈಗೆ ಕೊಟ್ಟು, "ಹತ್ತಿ ಬನ್ನಿ. ಮದುವೆಯಾದಾಗಿನಿಂದ ನೋಡಬೇಕು ಅಂತಿದ್ದೆ" ಅಂದಳು. ಅದರಲ್ಲಿ ಹಾರೈಕೆ ಎಷ್ಟು, ಕುಹಕ ಎಷ್ಟು ಎಂದು ಇವತ್ತಿಗೂ ಗೊತ್ತಾಗಿಲ್ಲ. ಜಬ್ಬಾರ್ ಸಾಬರು ಬಂದವರು, ಮಂಡಿ ನೋವೆಂದು ಅಂಗಡಿಯಲ್ಲೇ ಕೂತು ಪೇಪರ್ ಬಿಡಿಸಿದರು. ಉಳಿದವರು ಮೂವರು ಹೊರಟೆವು. ಕೋಟೆಯ ಬಾಗಿಲು ದಾಟುವವರೆಗೆ ನಾನು ಚೆನ್ನಾಗಿಯೇ ಇದ್ದೆ. ಮುಂದೆ ನಡೆದು, 'ಇದು ಮೊದಲನೇ ಬಾಗಿಲು, ಇದು ಎರಡನೇದು' ಎಂದು ಎಣಿಸಿ ತೋರಿಸಿದೆ. ಎಣಿಸುವುದಕ್ಕೆ ಹತ್ತಿದ ಅನುಭವ ಬೇಕಿಲ್ಲವಲ್ಲ. ಆಮೇಲೆ ಮೆಟ್ಟಿಲು ಮುಗಿದು ಬರೀ ಬಂಡೆ ಶುರುವಾಯಿತು. ಬಂಡೆಯಲ್ಲಿ ಕಾಲಿಡಲು ಕೊರೆದ ಗುರುತು, ಪಕ್ಕದಲ್ಲಿ ಕಬ್ಬಿಣದ ಕಂಬಿ. ನರಸಿಂಹುಲು ಮೇಕೆಯ ಹಾಗೆ ಮುಂದೆ ಹೋದ. ನಾನು ಹತ್ತೋ ಹನ್ನೆರಡೋ ಹೆಜ್ಜೆ ಇಟ್ಟು, ಎಂದೂ ಮಾಡಬಾರದ ಒಂದು ಕೆಲಸ ಮಾಡಿದೆ. ಹಿಂದಕ್ಕೆ ತಿರುಗಿ ನೋಡಿದೆ.

ನನ್ನ ಅಂಗಡಿಯ ನೀಲಿ ಬೋರ್ಡು ಒಂದು ಬಸ್ ಟಿಕೆಟ್ಟಿನಷ್ಟು ಕಂಡಿತು. ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟೆ. ಎರಡೂ ಕೈಯಿಂದ ಕಂಬಿಯನ್ನು ತಬ್ಬಿಕೊಂಡೆ. ಮಜ್ಜಿಗೆಯ ಬಾಟಲಿ ಕೈಬಿಟ್ಟು, ಟಣ್ ಟಣ್ ಎಂದು ಉರುಳುತ್ತ ಹೋಯಿತು. ಅದರ ಸದ್ದು ಎಷ್ಟು ಹೊತ್ತು ಕೇಳಿಸಿತೆಂದರೆ ನಾನು ಎಷ್ಟು ಎತ್ತರದಲ್ಲಿದ್ದೇನೆಂದು ಬೇರೆ ಯಾರೂ ಹೇಳಬೇಕಾಗಲಿಲ್ಲ. ಕೆಳಗಿನಿಂದ ಬಂದ ಒಂದು ಸಂಸಾರ ನನ್ನನ್ನು ಸುತ್ತಿಕೊಂಡು ಮೇಲೆ ಹೋಯಿತು. "ಅಮ್ಮಾ, ಆ ತಾತ ಯಾಕೆ ಕಂಬಿ ತಬ್ಕೊಂಡವ್ರೆ?" ಎಂದು ಅವರ ಮಗಳು ಕೇಳಿದಳು. "ಸುಸ್ತಾಗಿರ್ತದೆ, ನೀ ನಡಿ" ಅಂದಳು ತಾಯಿ. ತಾತ ಅಂದದ್ದನ್ನು ಆ ಸ್ಥಿತಿಯಲ್ಲೂ ಗಮನಿಸಿದೆ.

ಗಿರಿಜಮ್ಮ ಹಿಂದಕ್ಕೆ ಬಂದು ನನ್ನ ಪಕ್ಕದಲ್ಲಿ ಬಂಡೆಯ ಮೇಲೆ ಆರಾಮವಾಗಿ, ಮನೆಯ ಜಗಲಿಯ ಮೇಲೆ ಕೂತ ಹಾಗೆ ಕೂತರು. ಏನಾಯಿತು ಎಂದು ಕೇಳಲಿಲ್ಲ. ತಾವೇ ಮಾತು ತೆಗೆದರು.

"ನಾನು ಎಂಟೊಂಬತ್ತು ವರ್ಷದೋಳಿದ್ದಾಗ ನಮ್ಮೂರಲ್ಲಿ ಒಂದ್ಸಲ ಆಲಿಕಲ್ಲು ಬಿತ್ತು ಗಂಗಣ್ಣ. ನಮ್ಮಜ್ಜಿ ಹಾಸಿಗೆ ಹಿಡಿದಿದ್ಲು, ಎದ್ದು ಬರಕ್ಕಾಗ್ತಿರಲಿಲ್ಲ. 'ನಾನೂ ನೋಡ್ಬೇಕು, ತಗಂಬಾರೆ' ಅಂತ ಒಳಗಿಂದ ಕೂಗ್ತಿದ್ಲು. ಲಂಗದ ತುಂಬ ಆಯ್ಕಂಡೆ. ಓಡಿ ಹೋಗೋ ಹೊತ್ಗೆ ಯಾರೋ ಅಡ್ಡ ಸಿಕ್ಕಿದ್ರು, ದನ ಅಡ್ಡ ಬಂತು. ಒಳಗೋಗಿ ಬಿಚ್ಚಿ ನೋಡ್ತೀನಿ, ಏನೂ ಇಲ್ಲ, ಬರೀ ಒದ್ದೆ ಲಂಗ. ಅಜ್ಜಿ ಆ ಒದ್ದೆ ಬಟ್ಟೇನೇ ಮುಟ್ಟಿ, 'ತಣ್ಣಗೈತೆ ಕಣಮ್ಮಿ' ಅಂದ್ಲು. ಅದೇ ವರ್ಷ ಹೋಗ್ಬುಟ್ಲು." ಗಿರಿಜಮ್ಮ ದೂರದ ಹೊಲಗಳ ಕಡೆ ನೋಡುತ್ತಿದ್ದರು. "ನಂಗೆ ಜಾರೋದೂ ಬ್ಯಾಡ, ಗೀರೋದೂ ಬ್ಯಾಡ. ಕರಗ್ದಂಗೆ ಒಂದು ಹಿಡಿ ಕೈಯಲ್ಲಿ ಹಿಡ್ಕಬೇಕು, ಅಷ್ಟೇಯ. ಅದಕ್ಕೇ ಈ ಪ್ರೈಜು ಬಂದಾಗ ಒಪ್ಕಂಡೆ. ಇಲ್ಲಾಂದ್ರೆ ಅಂಗಡಿ ಬಿಟ್ಟು ಬರೋಳಾ ನಾನು?"

ಕಂಬಿ ತಬ್ಬಿಕೊಂಡಿರುವ ಮನುಷ್ಯನಿಗೆ ಬೇರೆ ಎಲ್ಲಿಗೂ ಓಡಿಹೋಗಲು ಆಗುವುದಿಲ್ಲ. ನಾಚಿಕೆಯಿಂದ ತಲೆ ತಗ್ಗಿಸೋಣವೆಂದರೆ ತಗ್ಗಿಸಿದ ಕಡೆ ಊರು ಕಾಣುತ್ತದೆ. ಕಣ್ಣು ಮುಚ್ಚಿಕೊಂಡೇ ಹೇಳಿದೆ. ಗ್ಸ್ಟಾಡ್‌ನಲ್ಲಿ ಹಿಮ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು, ಗ್ಯಾರಂಟಿ ಹಿಮ ಇರುವುದು ಸಾಸ್-ಫೀಯ ತುದಿಯಲ್ಲಿ, ತಂಗಳು ಎಂದದ್ದು ನನ್ನ ಸ್ವಂತ ಕಲ್ಪನೆ, ನನಗೆ ಎತ್ತರ ಅಂದರೆ ಪ್ರಾಣ ಹೋಗುತ್ತದೆ, ಈ ಬೆಟ್ಟಕ್ಕೂ ಇವತ್ತೇ ಮೊದಲು ಕಾಲಿಟ್ಟದ್ದು. ಎಲ್ಲ ಹೇಳಿ ಮುಗಿಸಿ ಬೈಗುಳಕ್ಕೆ ಕಾದೆ.

ಗಿರಿಜಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅಲ್ಲ ಗಂಗಣ್ಣ, ನಾವು ಮೇಲಕ್ಕೆ ಹೋಗ್ಬರೋ ತನಕ ನೀವು ಕೆಳಗಡೆ ಊರಲ್ಲಿ ಕಾಫಿ ಕುಡ್ಕಂಡು ಕುಂತಿದ್ರೆ ಆಗೋಗ್ತಿತ್ತು. ಅದಕ್ಯಾಕೆ ಇಷ್ಟೊಂದು ಸುಳ್ಳು?" ಅಂದರು.

ನಾನು ಕಣ್ಣು ಬಿಟ್ಟೆ. ಎರಡು ದಿನ ಕಂಪ್ಯೂಟರ್ ಮುಂದೆ ಕೂತು, ಭೂಗೋಳವನ್ನೆಲ್ಲ ಅರೆದು ಕುಡಿದ ನನಗೆ ಈ ಉಪಾಯ ಹೊಳೆದೇ ಇರಲಿಲ್ಲ.

ಅಲ್ಲೇ ಬಂಡೆಯ ಮೇಲೆ ಫಾರಂ ಬಿಡಿಸಿ ಗಿರಿಜಮ್ಮ ಸಾಸ್-ಫೀಗೆ ಗುರುತು ಹಾಕಿದರು. ತುದಿ ಮುಟ್ಟಿ ಬಂದ ನರಸಿಂಹುಲು ನನ್ನ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿ, ಕೂತಲ್ಲೇ ಜಾರಿಸಿಕೊಂಡು ಕೆಳಗಿಳಿಸಿದ. ಆ ಲೆಕ್ಕದಲ್ಲಿ ನಮ್ಮ ತಂಡದಲ್ಲಿ ಮೊದಲು ಜಾರುವುದು ಕಲಿತವನು ನಾನೇ. ಹರಿದ ಪ್ಯಾಂಟಿನ ಹಿಂಭಾಗ ಮಾತ್ರ ಕಂಪನಿಯ ಖರ್ಚಿಗೆ ಸೇರಲಿಲ್ಲ. ಅಂಗಡಿಯಲ್ಲಿ ಜಬ್ಬಾರ್ ಸಾಬರು ಸುದ್ದಿ ಕೇಳಿ, "ಕೊನೆಗೂ ಅತ್ತೆ ಮನೆಗೇ ಹೋಗ್ಬೇಕಾಯ್ತು" ಎಂದು ನಿಟ್ಟುಸಿರು ಬಿಟ್ಟರು.

ಹೋದೆವು. ಸಾಸ್-ಫೀ ಒಂದು ವಿಚಿತ್ರ ಊರು. ಬಸ್ಸು, ಕಾರು ಊರ ಹೊರಗೇ ನಿಲ್ಲುತ್ತವೆ, ಒಳಗೆ ಆಟಿಕೆಯಂಥ ಕರೆಂಟಿನ ಗಾಡಿಗಳು ಸದ್ದಿಲ್ಲದೆ ಹಿಂದಿನಿಂದ ಬಂದು ಬೆಚ್ಚಿಬೀಳಿಸುತ್ತವೆ. ಸುತ್ತ ಎಲ್ಲಿ ನೋಡಿದರೂ ಬೆಟ್ಟ, ಹಾಗಾಗಿ ನಾನು ನೆಲ ನೋಡಿಕೊಂಡು ನಡೆದೆ. ನರಸಿಂಹುಲುವಿನ ಹಲ್ಲು ಬಸ್ಸಿಳಿದ ಕೂಡಲೇ ಕಟಕಟ ಅಂದಿತು. "ಅಬ್ಬ, ಏಮಿ ಚಲಿ! ಸಾಕು ಅಣ್ಣಾ, ಮನೆಗೆ ಹೋಗಣ" ಅಂದ. ಶನಿವಾರ ಬೆಳಿಗ್ಗೆ ಮೂವರನ್ನೂ ಹಗ್ಗದ ಡಬ್ಬದ ಹತ್ತಿರ ಬಿಟ್ಟು, ಕಾಫಿ ಕುಡಿಯಲು ಒಳ್ಳೆಯ ಜಾಗ ನೋಡಿಕೊಂಡು ನಿಂತಿದ್ದೆ. ಆಗ ಕಂಡಿತು, ಗಿರಿಜಮ್ಮನ ಚಪಾತಿ, ಚಟ್ನಿಪುಡಿಯ ಚೀಲ ನನ್ನ ಹೆಗಲಲ್ಲೇ ಉಳಿದಿದೆ. ಓಡಿದೆ. ಡಬ್ಬದೊಳಕ್ಕೆ ಒಂದು ಕಾಲಿಟ್ಟು ಚೀಲ ಚಾಚಿದೆ. ಹಿಂದಿನಿಂದ ಹಲಗೆ ಹೊತ್ತ ಹುಡುಗ ಹುಡುಗಿಯರ ಹಿಂಡು ನುಗ್ಗಿತು. ಇನ್ನೊಂದು ಕಾಲೂ ಒಳಗೆ ಬಂತು. ಬಾಗಿಲು ಮುಚ್ಚಿತು.

ನನ್ನ ಪಕ್ಕಕ್ಕೆ ಸಿಕ್ಕಿದವರು ಜಬ್ಬಾರ್ ಸಾಬರು. ಗಿರಿಜಮ್ಮ, ನರಸಿಂಹುಲು ಆಚೆ ತುದಿಯ ಗಾಜಿಗೆ ಮೂಗು ಒತ್ತಿಕೊಂಡಿದ್ದರು, ನಡುವೆ ಆ ಹುಡುಗರ ಹಿಂಡು. ಡಬ್ಬ ತೂಗಿತು. ನಾನು ಕಣ್ಣು ಮುಚ್ಚಿ ಸಾಬರ ಕೈ ಹಿಡಿದುಕೊಂಡೆ. ಅವರೂ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಭಾಯ್, ನೀವು ಕಣ್ಣು ಬಿಡ್ಬೇಡಿ. ನಾನು ಎಲ್ಲಾ ಹೇಳ್ತೀನಿ, ನೀವು ಕೇಳಿಸ್ಕೊಳ್ಳಿ ಸಾಕು" ಅಂದರು. ಎಂಥ ದೊಡ್ಡ ಮನಸ್ಸು! ದಾರಿಯುದ್ದಕ್ಕೂ ಹೇಳಿದರು. "ಮರಗಳು ಭಾಯ್, ಸಾಲಾಗಿ ನಮಾಜಿಗೆ ನಿಂತಂಗೆ. ಒಂದು ಕೆರೆ, ನಮ್ಮ ಮದಲೂರು ಕೆರೆಗಿಂತ ದೊಡ್ಡದು, ನೀಲಿ ಅಂದ್ರೆ ನೀಲಿ. ಎರಡು ಜಿಂಕೆ ನೀರು ಕುಡೀತಾವೆ. ಅಗೋ, ಬಂಡೆ ಮೇಲೊಂದು ಮರದ ಮನೆ, ಮುಂದೆ ಒಬ್ಬಳು ಮುದುಕಿ ಬಟ್ಟೆ ಒಣಗಿಸ್ತಾವಳೆ. ನಮ್ಮ ಕಡೆ ನೋಡಿ ಕೈ ಬೀಸಿದ್ಲು, ಭಾಯ್." ನಾನು ಕಣ್ಣು ಮುಚ್ಚಿಕೊಂಡೇ ಅವಳಿಗೆ ಕೈ ಬೀಸಿದೆ.

ಡಬ್ಬದಿಂದ ಇಳಿದ ಮೇಲೆ ಬೆಟ್ಟದ ಹೊಟ್ಟೆಯೊಳಗೆ ಹೋಗುವ ರೈಲು. ಅದು ನನಗೆ ಬಹಳ ಹಿಡಿಸಿತು. ಬೋರ್‌ವೆಲ್ಲಿನೊಳಗೆ ಕೂತು ಮೇಲಕ್ಕೆ ಹೋದ ಹಾಗೆ. ಕತ್ತಲು, ಸುರಕ್ಷಿತ. ತುದಿಯಲ್ಲಿ ಇಳಿದರೆ ಮಂಜೋ ಮಂಜು. ಹತ್ತು ಹೆಜ್ಜೆ ಆಚೆಗೆ ಏನೂ ಇಲ್ಲ. ಆಳವೂ ಇಲ್ಲ, ಎತ್ತರವೂ ಇಲ್ಲ. ಜನ ಬೇಜಾರಿನಿಂದ ಗೊಣಗುತ್ತಿದ್ದರೆ ನಾನೊಬ್ಬ ಮಾತ್ರ ಸಿಂಹದ ಹಾಗೆ ಅತ್ತಿತ್ತ ಓಡಾಡಿದೆ. ಗಿರಿಜಮ್ಮ ಕೈಚೀಲ ಕಳಚಿ ನನ್ನ ಕೈಗೆ ಕೊಟ್ಟು, ಉಣ್ಣೆಯ ಕೈಗವಸು ಬಿಚ್ಚಿ, ಬಗ್ಗಿ, ಒಂದು ಹಿಡಿ ಎತ್ತಿಕೊಂಡರು. ಹಾಗೇ ನಿಂತರು. ಕೈ ಕೆಂಪಾಗಿ, ಆಮೇಲೆ ನೀಲಿಗೆ ತಿರುಗಿತು. "ಬುಡಿ ಗಿರಿಜಮ್ಮ, ಕೈ ಮರಗಟ್ತದೆ" ಅಂದೆ. "ಇರಿ, ಇರಿ" ಅಂದರು. ಅವರು ಯಾರಿಗೆ ತೋರಿಸುತ್ತಿದ್ದರೋ, ನಾನು ಆ ಕಡೆ ತಿರುಗಿ ನಿಂತೆ.

ಅಲ್ಲಿ ಮೇಲೊಂದು ಹೋಟೆಲು. ಅದು ಕೂತ ಹಾಗೇ ನಿಧಾನವಾಗಿ ಸುತ್ತುತ್ತದಂತೆ. ಹೊರಗೆ ಬರೀ ಬಿಳಿ, ಹಾಗಾಗಿ ಸುತ್ತುತ್ತಿದೆಯೋ ಇಲ್ಲವೋ ಎಂದು ನರಸಿಂಹುಲುವಿಗೂ ನನಗೂ ವಾದವಾಯಿತು. ನಾನು ಎದ್ದು ಕೈ ತೊಳೆಯಲು ನಡುವಿನ ಕೋಣೆಗೆ ಹೋಗಿ ಹೊರಗೆ ಬಂದೆ, ನಮ್ಮ ಮೇಜು ಇಲ್ಲ! ಅದಿದ್ದ ಜಾಗದಲ್ಲಿ ಕೆಂಪು ಕೂದಲಿನ ಒಂದು ಸಂಸಾರ ಊಟ ಮಾಡುತ್ತಿದೆ. ಮುಂದೆ ನಡೆದೆ, ಹಿಂದೆ ನಡೆದೆ. ಆ ಸಂಸಾರಕ್ಕೆ ಮೂರು ಸಲ ನಮಸ್ಕಾರ ಮಾಡಿದೆ, ಪ್ರತಿ ಸಲವೂ ಅವರು ಬೇರೆ ಜಾಗದಲ್ಲಿದ್ದರು. ಕೊನೆಗೆ ಚಟ್ನಿಪುಡಿಯ ವಾಸನೆ ಹಿಡಿದು ನಮ್ಮವರನ್ನು ಸೇರಿಕೊಂಡೆ. ಇಳಿಯುವಾಗ ಮತ್ತೆ ಕಣ್ಣು ಮುಚ್ಚಿದೆ. ಸಾಬರು ಮತ್ತೆ ಕೈ ಹಿಡಿದು ವರ್ಣಿಸಿದರು. ಮುದುಕಿಯ ಬಟ್ಟೆ ಒಣಗಿದ್ದವಂತೆ, ಮಡಿಸುತ್ತಿದ್ದಳಂತೆ.

ಊರಿಗೆ ಬಂದ ಮೇಲೆ ನನ್ನ ಬೆಲೆ ಏರಿತು. ಪ್ರೌಢಶಾಲೆಯ ಭೂಗೋಳದ ಮೇಷ್ಟ್ರು ಅಂಗಡಿಗೆ ಬಂದು, 'ಆಲ್ಪ್ಸ್ ಕಣ್ಣಾರೆ ಕಂಡವರು ನೀವು, ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು' ಅಂದರು. ಶಾಲು ಹೊದಿಸಿದರು. ಸಿರಾದಿಂದ ಜಬ್ಬಾರ್ ಸಾಬರೂ ಬಂದು ಮುಂದಿನ ಸಾಲಿನಲ್ಲಿ ಕೂತರು. ನಾಲ್ಕು ಮಾತೆಂದು ಎದ್ದವನು ಒಂದು ಪೀರಿಯಡ್ ಪೂರ್ತಿ ಮಾತಾಡಿದೆ. ಸಾಲು ಮರ, ನೀಲಿ ಕೆರೆ, ಜೋಡಿ ಜಿಂಕೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಮುದುಕಿ. ಅಷ್ಟು ಎತ್ತರದಲ್ಲಿ ಒಂಟಿಯಾಗಿ ಬದುಕುತ್ತ, ಹೋಗಿ ಬರುವವರಿಗೆಲ್ಲ ಕೈ ಬೀಸುವ ಆ ತಾಯಿಯ ಬಗ್ಗೆ ಹೇಳುವಾಗ ಕನ್ನಡಕ ತೆಗೆದು ಶಾಲಿನಲ್ಲಿ ಒರೆಸಿಕೊಂಡೆ. ಕೊನೆಗೆ ಒಂದು ಹುಡುಗಿ ಎದ್ದು, "ಸಾರ್, ಅಷ್ಟು ಚಳೀಲಿ ಅಜ್ಜಿ ಬಟ್ಟೆ ಹೆಂಗೆ ಒಣಗ್ತವೆ?" ಎಂದು ಕೇಳಿದಳು. "ಅಲ್ಲಿಯ ಗಾಳಿ ಒಣಗಾಳಿ ಕಣಮ್ಮ" ಅಂದೆ. ಮೇಷ್ಟ್ರು ತಲೆದೂಗಿದರು.

ಹೊರಗೆ ಬಂದು ಟೀ ಕುಡಿಯುವಾಗ ಜಬ್ಬಾರ್ ಸಾಬರ ಮುಖ ಬಾಡಿತ್ತು. ಚೆನ್ನಾಗಿ ಮಾತಾಡಲಿಲ್ಲವೇ ಎಂದು ಕೇಳಿದೆ.

"ಬಹಳ ಚೆನ್ನಾಗಿತ್ತು ಭಾಯ್. ಅದಕ್ಕೇ ಮನಸ್ಸಿಗೆ ಕಷ್ಟ ಆಗ್ತಾ ಇದೆ. ಮಾಫ್ ಮಾಡಿ" ಎಂದು ನನ್ನ ಕೈ ಹಿಡಿದುಕೊಂಡರು. "ಆವತ್ತು ಡಬ್ಬದಲ್ಲಿ ನಾನೂ ಕಣ್ಣು ಮುಚ್ಕೊಂಡೇ ಇದ್ದೆ. ಹೋಗೋವಾಗ್ಲೂ, ಬರೋವಾಗ್ಲೂ. ಬಾಯಿ ಮುಚ್ಚಿದ್ರೆ ಇನ್ನೂ ಹೆದರಿಕೆ ಆಗ್ತಿತ್ತು, ಅದಕ್ಕೇ ಬಾಯಿಗೆ ಬಂದಿದ್ದು ಹೇಳ್ತಾ ಇದ್ದೆ."

"ಹಾಗಾದ್ರೆ ಜಿಂಕೆ?"

"ಇಲ್ಲ ಭಾಯ್."

"ಕೆರೆ?"

"ಗೊತ್ತಿಲ್ಲ. ಇದ್ರೂ ಇರಬಹುದು."

ಮುದುಕಿಯ ಬಗ್ಗೆ ಕೇಳಲು ನನಗೆ ಧೈರ್ಯ ಬರಲಿಲ್ಲ. ಬರುವ ವಾರ ಕೊರಟಗೆರೆಯ ಒಂದು ಶಾಲೆಯಲ್ಲಿ ಇದೇ ಭಾಷಣಕ್ಕೆ ಕರೆದಿದ್ದಾರೆ. ಜಿಂಕೆಗಳನ್ನು ಕೈಬಿಡಬೇಕೆಂದು ತೀರ್ಮಾನಿಸಿದ್ದೇನೆ, ಕೆರೆಯನ್ನೂ ಸ್ವಲ್ಪ ಸಣ್ಣದು ಮಾಡುತ್ತೇನೆ. ಆದರೆ ಮುದುಕಿಯನ್ನು ಏನು ಮಾಡುವುದೋ ತಿಳಿಯುತ್ತಿಲ್ಲ. ಫೋನ್ ಮಾಡಿದ ಅಲ್ಲಿಯ ಮೇಷ್ಟ್ರು, ಮಕ್ಕಳು ಆಗಲೇ ಅವಳ ವಿಷಯ ಕೇಳಿದ್ದಾರೆ, ಆಕೆಯ ಬಗ್ಗೆ ಸ್ವಲ್ಪ ಹೆಚ್ಚಿಗೆ ಹೇಳಿ ಅಂದಿದ್ದಾರೆ.